ಹಣದಿಂದ ಸಂತೋಷ ಸಿಗುವುದಿಲ್ಲವೇ? ಫಾರ್ವರ್ಡ್ ಹೇಳುವುದೇನು, ಸಂಶೋಧನೆ ಹೇಳುವುದೇನು

ಈ ಸಂದೇಶ ನಿಮ್ಮ ಫೋನಿಗೂ ಬಂದಿರುತ್ತದೆ. ಆಪಲ್ ಕಂಪನಿಯ ಸ್ಟೀವ್ ಜಾಬ್ಸ್ ಆಸ್ಪತ್ರೆಯ ಹಾಸಿಗೆಯಲ್ಲಿ ಮಲಗಿ, ಪಕ್ಕದ ಯಂತ್ರಗಳ ದೀಪ ನೋಡುತ್ತಾ ಹೇಳಿದ ಕೊನೆಯ ಮಾತುಗಳಂತೆ. ಇಷ್ಟೆಲ್ಲ ಸಂಪಾದಿಸಿದೆ, ಸಾವಿನ ಮುಂದೆ ಯಾವುದೂ ಕೆಲಸಕ್ಕೆ ಬರಲಿಲ್ಲ, ಹಣದಿಂದ ಸಂತೋಷ ಸಿಗದು ಎಂಬುದು ಅದರ ಸಾರ. ಕೊನೆಯಲ್ಲಿ ಕೈಮುಗಿಯುವ ಇಮೋಜಿ, ಜೊತೆಗೆ ‘ನಿಮ್ಮ ಆತ್ಮೀಯರಿಗೆಲ್ಲ ಕಳುಹಿಸಿ’ ಎಂಬ ಕೋರಿಕೆ.

ಇದನ್ನು ಪರಿಶೀಲಿಸಿ ಎಂದು ನಮಗೆ ಕಳುಹಿಸಿದವರು ಖಾಸಗಿ ಶಾಲೆಯೊಂದರ ಶಿಕ್ಷಕಿ. ಊರು, ಶಾಲೆಯ ಹೆಸರು ಬೇಡ ಎಂದಿದ್ದಾರೆ. ಅವರಿಗೆ ತಿಂಗಳಿಗೆ 12,000 ರೂಪಾಯಿ ಸಂಬಳ, ಅದೂ ಎರಡು ತಿಂಗಳಿನಿಂದ ಬಂದಿಲ್ಲ. ಶಾಲೆಯ ಟೀಚರ್ಸ್ ಗ್ರೂಪಿನಲ್ಲಿ ಯಾರೋ ಒಬ್ಬರು ಧೈರ್ಯ ಮಾಡಿ ‘ಸರ್, ಸಂಬಳ ಯಾವಾಗ?’ ಎಂದು ಕೇಳಿದರು. ಅದಕ್ಕೆ ಉತ್ತರ ಬರಲಿಲ್ಲ. ಸಂಜೆ ಆಡಳಿತ ಮಂಡಳಿಯವರೊಬ್ಬರು ಈ ಸ್ಟೀವ್ ಜಾಬ್ಸ್ ಸಂದೇಶವನ್ನು ಗ್ರೂಪಿಗೆ ಹಾಕಿದರು. ಒಂದಷ್ಟು ಜನ ಅದಕ್ಕೆ ಹೂವಿನ ಇಮೋಜಿಯನ್ನೂ ಕೊಟ್ಟರು. ಶಿಕ್ಷಕಿ ನಮ್ಮನ್ನು ಕೇಳಿದ್ದು ಒಂದೇ ಪ್ರಶ್ನೆ: ‘ಇದು ನಿಜಾನಾ?’

ಅವರ ಪ್ರಶ್ನೆಯಲ್ಲಿ ಎರಡು ಪ್ರಶ್ನೆಗಳಿವೆ. ಸ್ಟೀವ್ ಜಾಬ್ಸ್ ಹಾಗೆ ಹೇಳಿದ್ದರೇ ಎಂಬುದು ಒಂದು. ಹೇಳಿದವರು ಯಾರೇ ಇರಲಿ, ಆ ಮಾತು ಸರಿಯೇ ಎಂಬುದು ಇನ್ನೊಂದು.

ಸ್ಟೀವ್ ಜಾಬ್ಸ್ ಹೀಗೆ ಹೇಳಿದ್ದರೇ?

ಇಲ್ಲ. ಜಾಬ್ಸ್ ತೀರಿಕೊಂಡದ್ದು 2011ರ ಅಕ್ಟೋಬರ್ 5ರಂದು, ಆಸ್ಪತ್ರೆಯಲ್ಲಲ್ಲ, ಕ್ಯಾಲಿಫೋರ್ನಿಯಾದ ತಮ್ಮ ಮನೆಯಲ್ಲಿ. ಕೊನೆಗಳಿಗೆಯಲ್ಲಿ ಹೆಂಡತಿ, ಮಕ್ಕಳು, ತಂಗಿ ಜೊತೆಯಲ್ಲಿದ್ದರು. ತಂಗಿ ಮೋನಾ ಸಿಂಪ್ಸನ್ ಕಾದಂಬರಿಕಾರ್ತಿ. ಅಣ್ಣನ ಸ್ಮರಣೆ ಸಭೆಯಲ್ಲಿ ಅವರು ಮಾಡಿದ ಭಾಷಣ ಅದೇ ತಿಂಗಳ ಕೊನೆಗೆ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯಲ್ಲಿ ಅಚ್ಚಾಯಿತು. ಅವರು ಹೇಳಿದಂತೆ, ಜಾಬ್ಸ್ ತಮ್ಮವರ ಮುಖಗಳನ್ನೆಲ್ಲ ಒಮ್ಮೆ ನೋಡಿ, ಕೊನೆಗೆ ಬೆರಗಿನ ಒಂದು ಉದ್ಗಾರವನ್ನು ಮೂರು ಸಲ ಹೇಳಿದರು. ಅಷ್ಟೇ. ಹಣದ ಬಗ್ಗೆ ಉಪದೇಶ ಅಲ್ಲಿಲ್ಲ. ಫಾರ್ವರ್ಡಿನಲ್ಲಿರುವ ಬರಹ ಹರಿದಾಡತೊಡಗಿದ್ದು ಅವರು ಸತ್ತು ವರ್ಷಗಳಾದ ಮೇಲೆ.

ಇಲ್ಲೊಂದು ವಿಚಿತ್ರವಿದೆ. 2009ರಲ್ಲಿ ಜಾಬ್ಸ್ ಅವರಿಗೆ ಯಕೃತ್ತಿನ ಕಸಿ ಆಯಿತು. ಅವರಿದ್ದ ಕ್ಯಾಲಿಫೋರ್ನಿಯಾದಲ್ಲಿ ಕಾಯುವವರ ಪಟ್ಟಿ ಉದ್ದವಾಗಿತ್ತು. ಹಾಗಾಗಿ ಟೆನೆಸ್ಸೀ ರಾಜ್ಯದ ಪಟ್ಟಿಯಲ್ಲೂ ಹೆಸರು ಬರೆಸಿದರು. ಇದು ಅಲ್ಲಿನ ಕಾನೂನಿಗೆ ವಿರುದ್ಧವಲ್ಲ. ಆದರೆ ಕರೆ ಬಂದರೆ ಕೆಲವೇ ಗಂಟೆಗಳಲ್ಲಿ ಅಲ್ಲಿಗೆ ತಲುಪಬೇಕು. ಅದಕ್ಕೆ ಅವರ ಬಳಿ ಸ್ವಂತ ವಿಮಾನವಿತ್ತು. ಆ ಕಸಿಯ ನಂತರ ಅವರು ಎರಡು ವರ್ಷಕ್ಕೂ ಹೆಚ್ಚು ಕಾಲ ಬದುಕಿದರು. ಹಣ ಸಾವಿನ ಮುಂದೆ ಏನೂ ಅಲ್ಲ ಎಂಬ ಮಾತನ್ನು ಯಾರ ಬಾಯಲ್ಲಿ ಹೇಳಿಸುತ್ತಿದ್ದಾರೋ, ಅವರ ಕಥೆಯೇ ಅದಕ್ಕೆ ಸರಿಹೊಂದುವುದಿಲ್ಲ.

ಸಂದೇಶ ಸುಳ್ಳು. ಆದರೆ ನಮ್ಮ ಕೆಲಸ ಇಲ್ಲಿಗೆ ಮುಗಿಯುವುದಿಲ್ಲ.

ಮೊದಲು, ಯಾವ ಸಂತೋಷ?

ಕನ್ನಡದಲ್ಲಿ ಸುಖ, ಸಂತೋಷ, ನೆಮ್ಮದಿ, ತೃಪ್ತಿ ಎಲ್ಲವೂ ಬೇರೆ ಬೇರೆ. ಅಜ್ಜಿಯನ್ನು ಕೇಳಿದರೆ ‘ಸುಖವಾಗಿದ್ದೀನಪ್ಪ, ಆದರೆ ನೆಮ್ಮದಿ ಇಲ್ಲ’ ಅಂತಾರೆ, ನಮಗೆ ಅರ್ಥವಾಗುತ್ತದೆ. ಫಾರ್ವರ್ಡುಗಳು ಇವನ್ನೆಲ್ಲ ಒಂದೇ ಚೀಲಕ್ಕೆ ತುಂಬುತ್ತವೆ. ಸಂಶೋಧಕರು ಮುಖ್ಯವಾಗಿ ಎರಡನ್ನು ಬೇರೆಯಾಗಿ ಅಳೆಯುತ್ತಾರೆ.

ಒಂದು, ಬದುಕಿನ ಬಗ್ಗೆ ನಮ್ಮ ಒಟ್ಟು ತೀರ್ಮಾನ. ಒಂದು ಏಣಿ ಇದೆ ಎಂದುಕೊಳ್ಳಿ, ತೀರಾ ಕೆಳಗೆ ಸೊನ್ನೆ, ತುದಿಯಲ್ಲಿ ಹತ್ತು. ನಿಮಗೆ ಸಾಧ್ಯವಿರುವ ಅತ್ಯುತ್ತಮ ಬದುಕು ಹತ್ತನೇ ಮೆಟ್ಟಿಲು ಎಂದಾದರೆ ಈಗ ನೀವು ಯಾವ ಮೆಟ್ಟಿಲಲ್ಲಿದ್ದೀರಿ? ಇದನ್ನು ತೃಪ್ತಿ ಎನ್ನೋಣ. ಇನ್ನೊಂದು, ನಿನ್ನೆ ಅಥವಾ ಈ ಕ್ಷಣ ಮನಸ್ಸು ಹೇಗಿದೆ ಎಂಬುದು: ನಕ್ಕಿರಾ, ಚಿಂತೆ ಇತ್ತಾ, ಸಿಟ್ಟು ಬಂತಾ. ಇದು ದಿನದ ಮನಸ್ಥಿತಿ.

ಪ್ರತಿ ವರ್ಷ ಸುದ್ದಿಯಾಗುವ ವಿಶ್ವ ಸಂತೋಷ ವರದಿಯ ಪಟ್ಟಿ ಏಣಿಯ ಪ್ರಶ್ನೆಯನ್ನು ಆಧರಿಸಿದ್ದು. 2018ರಿಂದ ಫಿನ್ಲೆಂಡ್ ಅದರ ಮೊದಲ ಸ್ಥಾನ ಬಿಟ್ಟುಕೊಟ್ಟಿಲ್ಲ. 2025ರಲ್ಲಿ 147 ದೇಶಗಳ ಪೈಕಿ ಭಾರತ 118ನೆಯದು. ಅಂದಹಾಗೆ, ‘ಭೂತಾನ್ ಜಗತ್ತಿನ ಅತಿ ಸಂತೋಷದ ದೇಶ’ ಎಂಬುದೂ ಫಾರ್ವರ್ಡೇ. ಈ ಪಟ್ಟಿಯಲ್ಲಿ 2019ರಲ್ಲಿ ಭೂತಾನ್ ಇದ್ದದ್ದು 95ನೇ ಸ್ಥಾನದಲ್ಲಿ.

75,000 ಡಾಲರ್ ಕಥೆ

‘ಒಂದು ಮಟ್ಟದ ನಂತರ ಹಣದಿಂದ ಸಂತೋಷ ಹೆಚ್ಚುವುದಿಲ್ಲ ಎಂದು ನೊಬೆಲ್ ವಿಜ್ಞಾನಿಗಳೇ ಹೇಳಿದ್ದಾರೆ’ ಎಂಬ ಮಾತು ಕೇಳಿರುತ್ತೀರಿ. ಇದಕ್ಕೆ ಆಧಾರ ಇದೆ. 2010ರಲ್ಲಿ ಡೇನಿಯಲ್ ಕಾನೆಮನ್ ಮತ್ತು ಆಂಗಸ್ ಡೀಟನ್ ಅಮೆರಿಕದಲ್ಲಿ ಗ್ಯಾಲಪ್ ಸಂಸ್ಥೆ ಕಲೆಹಾಕಿದ್ದ ಸುಮಾರು 4.5 ಲಕ್ಷ ಉತ್ತರಗಳನ್ನು ಪರಿಶೀಲಿಸಿದರು. ಕಾನೆಮನ್‌ಗೆ ಅರ್ಥಶಾಸ್ತ್ರದ ನೊಬೆಲ್ 2002ರಲ್ಲೇ ಬಂದಿತ್ತು, ಡೀಟನ್‌ಗೆ 2015ರಲ್ಲಿ ಬಂತು. ಅವರು ಕಂಡದ್ದು ಇದು: ಆದಾಯ ಏರಿದಂತೆ ಏಣಿಯ ತೃಪ್ತಿ ಏರುತ್ತಲೇ ಹೋಗುತ್ತದೆ. ದಿನದ ಮನಸ್ಥಿತಿ ಮಾತ್ರ ಕುಟುಂಬದ ವಾರ್ಷಿಕ ಆದಾಯ ಸುಮಾರು 75,000 ಡಾಲರ್ ಮುಟ್ಟಿದ ಮೇಲೆ ಹೆಚ್ಚು ಏರುವುದಿಲ್ಲ.

ಫಾರ್ವರ್ಡ್ ಆಗುವಾಗ ಮೊದಲರ್ಧ ಕಳಚಿಬಿತ್ತು. 75,000 ಡಾಲರ್ ಎಷ್ಟು ಎಂಬುದನ್ನೂ ಯಾರೂ ಹೇಳಲಿಲ್ಲ. ಆಗಿನ ವಿನಿಮಯ ದರದಲ್ಲಿ ಅದು ವರ್ಷಕ್ಕೆ ಸುಮಾರು 34 ಲಕ್ಷ ರೂಪಾಯಿ. ಅಮೆರಿಕದ ಬೆಲೆಗಳೇ ಬೇರೆ, ಹಾಗಾಗಿ ಈ ಲೆಕ್ಕವನ್ನು ನೇರವಾಗಿ ನಮ್ಮೂರಿಗೆ ತರುವಂತಿಲ್ಲ, ಒಪ್ಪಿದೆವು. ಆದರೂ ತಿಂಗಳಿಗೆ 12,000 ಎಣಿಸುವವರಿಗೆ ಈ ಅಧ್ಯಯನ ತೋರಿಸಿ ‘ನೋಡಿ, ಹಣ ಮುಖ್ಯ ಅಲ್ಲ’ ಎನ್ನುವುದು ಅಧ್ಯಯನವನ್ನು ತಲೆಕೆಳಗು ಮಾಡಿದಂತೆ. ಆ ಗೆರೆಯ ಕೆಳಗಿರುವವರಿಗೆ ಹಣ ಮುಖ್ಯ, ದಿನದ ಮನಸ್ಥಿತಿಗೂ ಮುಖ್ಯ ಎಂದೇ ಅದು ಹೇಳಿದ್ದು.

ಕಥೆ ಮುಂದುವರಿಯಿತು. 2021ರಲ್ಲಿ ಮ್ಯಾಥ್ಯೂ ಕಿಲ್ಲಿಂಗ್ಸ್‌ವರ್ತ್ ಎಂಬ ಸಂಶೋಧಕ ಬೇರೆ ದಾರಿ ಹಿಡಿದರು. ಅಮೆರಿಕದ 33,000ಕ್ಕೂ ಹೆಚ್ಚು ಉದ್ಯೋಗಸ್ಥರ ಫೋನಿಗೆ ದಿನದ ಯಾವುದೋ ಹೊತ್ತಿನಲ್ಲಿ ‘ಈಗ ಹೇಗನ್ನಿಸುತ್ತಿದೆ?’ ಎಂಬ ಪ್ರಶ್ನೆ ಹೋಗುತ್ತಿತ್ತು. ಹೀಗೆ 17 ಲಕ್ಷಕ್ಕೂ ಹೆಚ್ಚು ಉತ್ತರಗಳು ಬಂದವು. ಅವುಗಳಲ್ಲಿ 75,000ದ ಗೆರೆಯೇ ಕಾಣಲಿಲ್ಲ. ಅದರಾಚೆಗೂ ಮನಸ್ಥಿತಿ ಏರುತ್ತಲೇ ಹೋಯಿತು.

ಇಬ್ಬರು ವಿಜ್ಞಾನಿಗಳು, ಎರಡು ಉತ್ತರ. ಟಿವಿ ಚರ್ಚೆಯಾಗಿದ್ದರೆ ಕೂಗಾಟವಾಗುತ್ತಿತ್ತು. ಇಲ್ಲಿ ಕಾನೆಮನ್ ಮತ್ತು ಕಿಲ್ಲಿಂಗ್ಸ್‌ವರ್ತ್, ಬಾರ್ಬರಾ ಮೆಲರ್ಸ್ ಎಂಬ ಮೂರನೆಯವರನ್ನು ನಡುವೆ ಕೂರಿಸಿಕೊಂಡು ಅಂಕಿಅಂಶಗಳನ್ನು ಒಟ್ಟಿಗೇ ಮತ್ತೆ ನೋಡಿದರು. 2023ರಲ್ಲಿ ಮೂವರ ಹೆಸರಿನಲ್ಲಿ ಫಲಿತಾಂಶ ಪ್ರಕಟವಾಯಿತು. ಹೆಚ್ಚಿನವರಿಗೆ ಆದಾಯ ಏರಿದಂತೆ ಸಂತೋಷವೂ ಏರುತ್ತದೆ. ಏರದೆ ನಿಲ್ಲುವುದು ಅತಿ ಕಡಿಮೆ ಸಂತೋಷವಿರುವ ಸುಮಾರು ಶೇ. 20ರಷ್ಟು ಜನರಲ್ಲಿ, ಅದೂ ವರ್ಷಕ್ಕೆ ಸುಮಾರು 1 ಲಕ್ಷ ಡಾಲರ್ ದಾಟಿದ ಮೇಲೆ. ಅವರ ನೋವು ಅಗಲಿಕೆ, ಮುರಿದ ಸಂಬಂಧ, ಖಿನ್ನತೆಯಂಥದ್ದು ಇರಬಹುದು, ಆ ಮಟ್ಟದಲ್ಲಿ ಇನ್ನಷ್ಟು ಹಣದಿಂದ ಅದು ಕರಗುವುದಿಲ್ಲ ಎಂಬುದು ಅವರ ಊಹೆ. ತಮ್ಮ ಹೆಸರಿನಲ್ಲಿ ಜಗತ್ತೆಲ್ಲ ಸುತ್ತಿದ ಒಂದು ತೀರ್ಮಾನವನ್ನು ಕಾನೆಮನ್ ತಮ್ಮ 89ನೇ ವಯಸ್ಸಿನಲ್ಲಿ ತಾವೇ ತಿದ್ದಿದರು. ಮರುವರ್ಷ ತೀರಿಕೊಂಡರು. ತಿದ್ದಿದ್ದು ಮಾತ್ರ ಇನ್ನೂ ಯಾರ ಗ್ರೂಪಿಗೂ ಬಂದಂತಿಲ್ಲ.

ಒಂದು ಮಾತು ಇಲ್ಲಿ ಬಿಡಿಸಿ ಹೇಳಬೇಕು. ‘ಏರುತ್ತದೆ’ ಎಂದರೆ ಪ್ರತಿ ಸಾವಿರಕ್ಕೂ ಒಂದೇ ಸಮ ಏರುತ್ತದೆ ಎಂದಲ್ಲ. ಕತ್ತಲೆ ಕೋಣೆಗೆ ಮೊದಲ ಬಲ್ಬ್ ಹಾಕಿದಾಗ ಆಗುವ ವ್ಯತ್ಯಾಸ ಹತ್ತನೇ ಬಲ್ಬಿಗೆ ಆಗುವುದಿಲ್ಲವಲ್ಲ, ಹಾಗೆ. ಇಲ್ಲಿ ಲೆಕ್ಕಕ್ಕೆ ಬರುವುದು ಎಷ್ಟು ಪಟ್ಟು ಎಂಬುದು. 12,000 ರೂಪಾಯಿ 24,000 ಆದಾಗ ಸಿಗುವ ಏರಿಕೆ, 1.2 ಲಕ್ಷ 2.4 ಲಕ್ಷ ಆದಾಗ ಸಿಗುವಷ್ಟೇ. ಅಂದರೆ 2,000 ರೂಪಾಯಿ ಹೆಚ್ಚುವರಿ ಬಂದರೆ ಆ ಶಿಕ್ಷಕಿಯ ಮನೆಯಲ್ಲಿ ಗೊತ್ತಾಗುತ್ತದೆ. ಲಕ್ಷದ ಮೇಲೆ ಸಂಬಳ ಇರುವವರು ಗಮನಿಸದೆಯೂ ಇರಬಹುದು. ಹಣ ಮುಖ್ಯವಲ್ಲ ಎಂಬ ಮಾತು ಹೆಚ್ಚಾಗಿ ಬರುವುದು ಎರಡನೆಯವರ ಕಡೆಯಿಂದ ಎಂಬುದನ್ನು ನೀವೂ ನೋಡಿರುತ್ತೀರಿ.

ಈ ಪರಿಣಾಮವನ್ನು ಉಬ್ಬಿಸುವುದೂ ತಪ್ಪು. ಆದಾಯದಲ್ಲಿ ನಾಲ್ಕು ಪಟ್ಟು ವ್ಯತ್ಯಾಸವಿದ್ದರೆ ಮನಸ್ಥಿತಿಯಲ್ಲಿ ಆಗುವ ಬದಲಾವಣೆ, ವಾರದ ದಿನಕ್ಕೂ ವಾರಾಂತ್ಯಕ್ಕೂ ಇರುವ ವ್ಯತ್ಯಾಸದಷ್ಟು ಎಂದು ಅದೇ 2023ರ ಬರಹ ಹೇಳುತ್ತದೆ. ತಲೆನೋವಿನಿಂದ ಆಗುವ ಬೇಸರದ ಮೂರನೇ ಒಂದು ಭಾಗಕ್ಕಿಂತ ಕಡಿಮೆಯಂತೆ!

ಲಾಟರಿ ಹೊಡೆದವರು ಮತ್ತೆ ಮೊದಲಿನಂತೆಯೇ ಆಗುತ್ತಾರೆಯೇ?

ಇದೂ ಹಳೆಯ ಫಾರ್ವರ್ಡ್. ಲಾಟರಿ ಗೆದ್ದವರು, ಅಪಘಾತದಲ್ಲಿ ಕೈಕಾಲು ಸ್ವಾಧೀನ ಕಳೆದುಕೊಂಡವರು, ಇಬ್ಬರೂ ಒಂದೇ ವರ್ಷದಲ್ಲಿ ಸಮಾನ ಸಂತೋಷಕ್ಕೆ ಮರಳುತ್ತಾರೆ ಎನ್ನುತ್ತದೆ. ಮೂಲ 1978ರಲ್ಲಿ ಫಿಲಿಪ್ ಬ್ರಿಕ್‌ಮನ್ ಮತ್ತು ಸಂಗಡಿಗರು ಅಮೆರಿಕದ ಇಲಿನಾಯ್ ರಾಜ್ಯದಲ್ಲಿ ಮಾಡಿದ ಅಧ್ಯಯನ. ಅದರಲ್ಲಿದ್ದ ಲಾಟರಿ ವಿಜೇತರು ಬರೀ 22 ಜನ. ಯಾರನ್ನೂ ವರ್ಷಗಟ್ಟಲೆ ಹಿಂಬಾಲಿಸಿರಲಿಲ್ಲ, ಒಂದೇ ಸಲ ಮಾತಾಡಿಸಿದ್ದು. 5ಕ್ಕೆ ಅಂಕ ಕೊಡುವ ಪ್ರಶ್ನೆಯಲ್ಲಿ ವಿಜೇತರ ಸರಾಸರಿ 4.00, ಸಾಮಾನ್ಯರದು 3.82, ಅಪಘಾತಕ್ಕೀಡಾದವರದು 2.96. ಮೂರನೆಯವರು ಊಹಿಸಿದ್ದಕ್ಕಿಂತ ಚೇತರಿಸಿಕೊಂಡಿದ್ದರು ಎನ್ನಬಹುದು. ಇಬ್ಬರೂ ಸಮಾನ ಎನ್ನುವುದಕ್ಕೆ ಆ ಅಧ್ಯಯನದಲ್ಲೇ ಆಧಾರವಿಲ್ಲ.

2020ರಲ್ಲಿ ಪ್ರಕಟವಾದ ಸ್ವೀಡನ್‌ನ ಅಧ್ಯಯನ ಇದಕ್ಕಿಂತ ಬಹಳ ದೊಡ್ಡದು. ಲಾಟರಿ ಆಡಿದ 3,362 ಜನರನ್ನು, ಬಹುಮಾನ ಬಂದು 5ರಿಂದ 22 ವರ್ಷಗಳಾದ ಮೇಲೆ ಕೇಳಲಾಯಿತು. ದೊಡ್ಡ ಮೊತ್ತ ಬಂದವರ ಬದುಕಿನ ತೃಪ್ತಿ ಹೆಚ್ಚಾಗಿತ್ತು, ಅಷ್ಟು ವರ್ಷ ಕಳೆದರೂ ಅದು ಕರಗಿದ ಗುರುತಿರಲಿಲ್ಲ. ದಿನದ ಸಂತೋಷ ಮತ್ತು ಮಾನಸಿಕ ಆರೋಗ್ಯದ ಮೇಲೆ ಆದ ಪರಿಣಾಮ ಮಾತ್ರ ಬಹಳ ಚಿಕ್ಕದು. (ಹಾಗೆಂದು ಟಿಕೆಟ್ ಕೊಳ್ಳಲು ಹೋಗಬೇಡಿ. ಇದು ಗೆದ್ದವರ ಲೆಕ್ಕ. ಸೋತವರ ಲೆಕ್ಕ ಬೇರೆಯೇ ಇದೆ. ಕರ್ನಾಟಕದಲ್ಲಂತೂ 2007ರಿಂದ ಲಾಟರಿ ನಿಷೇಧವಾಗಿದೆ.)

ಕೈಯಲ್ಲಿ ಹಣ ಇಲ್ಲದಿದ್ದಾಗ ತಲೆಯಲ್ಲಿ ಏನಾಗುತ್ತದೆ?

ನಮ್ಮ ಮಟ್ಟಿಗೆ ಇಡೀ ವಿಷಯದಲ್ಲಿ ಮುಖ್ಯವಾದದ್ದು ಇದು. ಹಣ ಬಂದರೆ ಎಷ್ಟು ಖುಷಿ ಎಂದು ಎಲ್ಲರೂ ಕೇಳುತ್ತಾರೆ. ಇಲ್ಲದಿರುವುದು ಏನನ್ನು ಕಿತ್ತುಕೊಳ್ಳುತ್ತದೆ ಎಂದು ಕೇಳುವವರು ಕಡಿಮೆ.

ಪಕ್ಕದ ತಮಿಳುನಾಡಿನಲ್ಲಿ ಇದನ್ನು ಪರೀಕ್ಷಿಸಿದ್ದಾರೆ. ಕಬ್ಬು ಬೆಳೆಗಾರರಿಗೆ ದುಡ್ಡು ಬರುವುದು ಹೆಚ್ಚುಕಡಿಮೆ ವರ್ಷಕ್ಕೊಮ್ಮೆ, ಕಟಾವಾದ ಮೇಲೆ. ಕಟಾವಿಗೆ ಮುಂಚಿನ ತಿಂಗಳುಗಳಲ್ಲಿ ಕೈ ಖಾಲಿ, ಒಡವೆ ಅಡ, ಕೈಸಾಲ. ಮಂಡ್ಯದವರಿಗೂ ಬೆಳಗಾವಿಯವರಿಗೂ ಇದನ್ನು ವಿವರಿಸಬೇಕಿಲ್ಲ. 54 ಹಳ್ಳಿಗಳ 464 ರೈತರಿಗೆ ಕಟಾವಿನ ಮೊದಲು ಒಮ್ಮೆ, ನಂತರ ಒಮ್ಮೆ ಒಂದೇ ಬಗೆಯ ಪರೀಕ್ಷೆ ಕೊಟ್ಟರು: ಆಕೃತಿಗಳ ಸಾಲಿನಲ್ಲಿ ಬಿಟ್ಟುಹೋದದ್ದು ಯಾವುದು ಎಂದು ಹುಡುಕುವಂಥದ್ದು. ಅದೇ ರೈತ, ಅದೇ ತಲೆ. ಕಟಾವಿನ ನಂತರ ಹೆಚ್ಚು ಸರಿಯುತ್ತರ, ಹೆಚ್ಚು ವೇಗ. ಸೆಂಧಿಲ್ ಮುಲ್ಲೈನಾಥನ್, ಎಲ್ಡಾರ್ ಶಫೀರ್, ಆನಂದಿ ಮಣಿ, ಜಿಯಾಯಿಂಗ್ ಝಾವೊ ಅವರ ಈ ಅಧ್ಯಯನ 2013ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬಂತು. ಹಣದ ಚಿಂತೆ ತಲೆಯಲ್ಲಿ ಜಾಗ ಹಿಡಿದು ಕೂರುತ್ತದೆ, ಉಳಿದದ್ದಕ್ಕೆ ಜಾಗ ಸಾಲದಾಗುತ್ತದೆ ಎಂಬುದು ಅವರ ವಿವರಣೆ. ಅಮೆರಿಕದಲ್ಲಿ ಸಂಬಳದ ದಿನದ ಹಿಂದುಮುಂದು ಮಾಡಿದ ಇಂಥದೇ ಪರೀಕ್ಷೆಯಲ್ಲಿ ವ್ಯತ್ಯಾಸ ಕಾಣಲಿಲ್ಲ ಎಂಬುದನ್ನೂ ಹೇಳಬೇಕು. ಎರಡು ವಾರ ಕಾಯುವುದು, ಇಡೀ ಬೆಳೆಗೆ ಕಾಯುವುದು ಎರಡೂ ಒಂದೇ ಅಲ್ಲ ಎಂಬುದು ಇದಕ್ಕೆ ಕಾರಣವಿರಬಹುದು.

ಇನ್ನೊಂದು ಅಧ್ಯಯನ ಸಿಂಗಪುರದ್ದು, 2019ರಲ್ಲಿ ಪ್ರಕಟವಾದದ್ದು. ಬಹಳ ಕಾಲದಿಂದ ಸಾಲದಲ್ಲಿದ್ದ 196 ಬಡವರ ಬಾಕಿಯನ್ನು ದತ್ತಿ ಸಂಸ್ಥೆಯೊಂದು ಗರಿಷ್ಠ 5,000 ಸಿಂಗಪುರ ಡಾಲರ್‌ವರೆಗೆ ತೀರಿಸಿತು. ಮೂರು ತಿಂಗಳ ನಂತರ ನೋಡಿದಾಗ ಅವರ ಆತಂಕ ಇಳಿದಿತ್ತು, ನಿರ್ಧಾರಗಳು ಸುಧಾರಿಸಿದ್ದವು. ಕುತೂಹಲದ ಸಂಗತಿ ಏನೆಂದರೆ, ಎಷ್ಟು ಹಣ ತೀರಿತು ಎಂಬುದಕ್ಕಿಂತ ಎಷ್ಟು ಸಾಲಗಳು ಪೂರ್ತಿ ಮುಚ್ಚಿದವು ಎಂಬುದು ಹೆಚ್ಚು ಲೆಕ್ಕಕ್ಕೆ ಬಂತು. ಪ್ರತಿಯೊಂದು ಸಾಲವೂ ತಲೆಯಲ್ಲಿ ಒಂದು ಪ್ರತ್ಯೇಕ ಖಾತೆ ತೆರೆದಿರುತ್ತದೆ. ಸೋಮವಾರ ಒಂದು ಸಂಘದ ಕಂತು, ಗುರುವಾರ ಇನ್ನೊಂದು ಫೈನಾನ್ಸಿನದು, ನಡುವೆ ಚೀಟಿ ದುಡ್ಡು ಎಂದು ಓಡಾಡುವ ಮನೆಗಳಲ್ಲಿ ಇದು ಯಾರಿಗೂ ಹೊಸ ಸುದ್ದಿಯಲ್ಲ. ಬಡ್ಡಿಯ ಲೆಕ್ಕ ನೋಡಿದರೆ ಹೆಚ್ಚು ಬಡ್ಡಿಯ ಸಾಲ ಮೊದಲು ತೀರಿಸುವುದೇ ಲಾಭ. ಬಡ್ಡಿಯಲ್ಲಿ ದೊಡ್ಡ ವ್ಯತ್ಯಾಸ ಇಲ್ಲದಿದ್ದರೆ, ಚಿಕ್ಕದೊಂದನ್ನು ಪೂರ್ತಿ ಮುಗಿಸಿ ತಲೆ ಹಗುರ ಮಾಡಿಕೊಳ್ಳುವುದರಲ್ಲೂ ಅರ್ಥವಿದೆ.

ಸಾಲದ ಚಿಂತೆಯಿಂದ ನಿದ್ದೆ ಹೋಗಿದ್ದರೆ, ಬದುಕೇ ಬೇಡ ಅನ್ನಿಸುವಷ್ಟು ಆಗಿದ್ದರೆ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ. ಉಚಿತ, ದಿನದ 24 ಗಂಟೆಯೂ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು.

ಹಾಗಾದರೆ ಫಾರ್ವರ್ಡಿನಲ್ಲಿ ನಿಜವೇ ಇಲ್ಲವೇ?

ಸ್ವಲ್ಪ ಇದೆ. ಹಣ ಇರುವುದು ಬೇರೆ, ಹಣವನ್ನೇ ಬದುಕಿನ ಅಳತೆಗೋಲು ಮಾಡಿಕೊಳ್ಳುವುದು ಬೇರೆ. ವಸ್ತು, ಆಸ್ತಿಯೇ ಯಶಸ್ಸು ಎಂದು ಗಟ್ಟಿಯಾಗಿ ನಂಬಿದವರಲ್ಲಿ ನೆಮ್ಮದಿ ಸರಾಸರಿ ಕಡಿಮೆ ಎಂದು ಹಲವು ದೇಶಗಳ ಅಧ್ಯಯನಗಳನ್ನು ಒಟ್ಟು ಸೇರಿಸಿ ನೋಡಿದಾಗ ಕಂಡಿದೆ. ಯಾವುದರಿಂದ ಯಾವುದಾಗುತ್ತದೆ ಎಂಬುದು ಅಷ್ಟು ಸುಲಭವಾಗಿ ತೀರ್ಮಾನವಾಗುವುದಿಲ್ಲ. ನೆಮ್ಮದಿ ಇಲ್ಲದವರೇ ವಸ್ತುಗಳ ಹಿಂದೆ ಬೀಳುತ್ತಿರಬಹುದು.

ಹೋಲಿಕೆಯ ಚಟವೂ ಇದೆ. 1998ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಹಾರ್ವರ್ಡ್‌ನ ಸಾರ್ವಜನಿಕ ಆರೋಗ್ಯ ಶಾಲೆಯ ವಿದ್ಯಾರ್ಥಿಗಳಿಗೆ, ಸಿಬ್ಬಂದಿಗೆ ಒಂದು ಪ್ರಶ್ನೆ ಕೇಳಿದರು. ನಿಮಗೆ 50,000 ಡಾಲರ್, ಉಳಿದವರಿಗೆ 25,000 ಇರುವ ಲೋಕ ಬೇಕೋ, ನಿಮಗೆ 1 ಲಕ್ಷ, ಉಳಿದವರಿಗೆ 2 ಲಕ್ಷ ಇರುವ ಲೋಕ ಬೇಕೋ? ಬೆಲೆಗಳು ಎರಡೂ ಕಡೆ ಒಂದೇ. ಸುಮಾರು ಅರ್ಧದಷ್ಟು ಜನ ಮೊದಲನೆಯದನ್ನು ಆರಿಸಿದರು. ಕೈಗೆ ಬರುವುದು ಅರ್ಧವಾದರೂ ಪರವಾಗಿಲ್ಲ, ಪಕ್ಕದವರಿಗಿಂತ ಮೇಲಿದ್ದರೆ ಸಾಕು! ನಮ್ಮ ಕಚೇರಿಯಲ್ಲೂ ಕೇಳಿ ನೋಡಿದೆವು. ಉತ್ತರ ಇಲ್ಲಿ ಬರೆದರೆ ಜಗಳವಾಗುತ್ತದೆ.

ಖರ್ಚು ಮಾಡುವ ರೀತಿಯೂ ಲೆಕ್ಕಕ್ಕೆ ಬರುತ್ತದೆ. ಕೆನಡಾದಲ್ಲಿ ಎಲಿಜಬೆತ್ ಡನ್ ಮತ್ತು ಸಂಗಡಿಗರು ಬೆಳಿಗ್ಗೆ ಜನರಿಗೆ 5 ಅಥವಾ 20 ಡಾಲರ್ ಕೊಟ್ಟು, ಕೆಲವರಿಗೆ ನಿಮಗಾಗಿ ಖರ್ಚು ಮಾಡಿ ಎಂದರು, ಕೆಲವರಿಗೆ ಬೇರೆಯವರಿಗಾಗಿ ಎಂದರು. ಸಂಜೆ ಹೆಚ್ಚು ಖುಷಿಯಾಗಿದ್ದವರು ಎರಡನೆಯವರು. ಮೊತ್ತ ಐದೋ ಇಪ್ಪತ್ತೋ ಎಂಬುದರಿಂದ ವ್ಯತ್ಯಾಸವಾಗಲಿಲ್ಲ. 2008ರ ಈ ಪ್ರಯೋಗ ಚಿಕ್ಕದು, 50 ಜನರೂ ಇರಲಿಲ್ಲ.

‘ವಸ್ತು ಕೊಳ್ಳಬೇಡಿ, ಪ್ರವಾಸ ಹೋಗಿ, ಅನುಭವ ಕೊಳ್ಳಿ’ ಎಂಬ ಸಲಹೆಯೂ ಈಗ ಎಲ್ಲೆಡೆ ಇದೆ. ಅನುಭವಗಳ ಮೇಲಿನ ಖರ್ಚು ಹೆಚ್ಚು ಸಂತೋಷ ಕೊಡುತ್ತದೆ ಎಂದು ತೋರಿಸಿದ ಅಧ್ಯಯನಗಳು ಇರುವುದು ನಿಜ. ಆದರೆ 2018ರಲ್ಲಿ ಇದನ್ನು ವರ್ಗವಾರು ಬಿಡಿಸಿ ನೋಡಿದಾಗ, ಆ ಲಾಭ ಸಿಕ್ಕಿದ್ದು ಹೆಚ್ಚಾಗಿ ಅನುಕೂಲಸ್ಥರಿಗೆ. ಕಡಿಮೆ ಆದಾಯದವರಿಗೆ ವಸ್ತುವಿನಿಂದಲೂ ಅಷ್ಟೇ ಅಥವಾ ಹೆಚ್ಚು ಸಂತೋಷ ಸಿಕ್ಕಿತ್ತು. ಹತ್ತಾರು ಬಟ್ಟೆ ದಿನಾ ಕಲ್ಲಿನ ಮೇಲೆ ಒಗೆಯುವ ಹೆಣ್ಣುಮಗಳಿಗೆ ವಾಷಿಂಗ್ ಮೆಷಿನ್ ಬರೀ ‘ವಸ್ತು’ ಅಲ್ಲ. ಅದು ಪ್ರತಿದಿನದ ಒಂದು ಗಂಟೆ, ಉಳಿದ ಸೊಂಟ.

ಕೊನೆಯದಾಗಿ ಹಾರ್ವರ್ಡ್‌ನ ದೀರ್ಘ ಅಧ್ಯಯನ. 1938ರಲ್ಲಿ ಶುರುವಾಗಿ ಇಂದಿಗೂ ನಡೆಯುತ್ತಿದೆ. ಒಳ್ಳೆಯ ಸಂಬಂಧಗಳು ಸಂತೋಷಕ್ಕೂ ಆರೋಗ್ಯಕ್ಕೂ ಬಹಳ ಮುಖ್ಯ ಎಂದು ಅದು ಹೇಳುತ್ತದೆ. ಅದನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಫಾರ್ವರ್ಡುಗಳು ಇದನ್ನು ‘ಹಣ ಅಥವಾ ಸಂಬಂಧ’ ಎಂಬ ಪಂದ್ಯವಾಗಿ ಮಾಡುತ್ತವೆ. ಬಾಡಿಗೆ ಕಟ್ಟುವ ದಿನ ಗಂಡ ಹೆಂಡತಿ ನಡುವೆ ಜಗಳ ಯಾಕೆ ಆಯಿತು ಎಂದು ವಿಚಾರಿಸಿದರೆ ಅವೆರಡೂ ಅಷ್ಟು ದೂರ ಇಲ್ಲ ಎಂಬುದು ತಿಳಿಯುತ್ತದೆ.

ಇಷ್ಟನ್ನೂ ಚಿಕ್ಕದು ಮಾಡಿ ನಾವು ಆ ಶಿಕ್ಷಕಿಗೆ ಉತ್ತರ ಬರೆದೆವು: ಸಂದೇಶ ಸುಳ್ಳು, ಸಂಬಳ ಕೇಳಿದ್ದರಲ್ಲಿ ದುರಾಸೆ ಏನೂ ಇಲ್ಲ, ಬೇಕಿದ್ದರೆ ಈ ಬರಹವನ್ನು ಗ್ರೂಪಿಗೆ ಹಾಕಬಹುದು. ಮರುದಿನ ಅವರ ಉತ್ತರ ಬಂತು. ‘ಓದಿದೆ, ಮನಸ್ಸಿಗೆ ಸಮಾಧಾನ ಆಯ್ತು. ಗ್ರೂಪಿಗೆ ಈಗಲೇ ಹಾಕಲ್ಲ. ಮೊದಲು ಸಂಬಳ ಬರಲಿ.’